ಪಾಲೆಮಜಲಿನ ಒಂಬೈನೂರು ಬಾಳೆ

ಪಾಲೆಮಜಲಿನಲ್ಲಿ ರವೂಫ್ ಎಂಬ ಹೆಸರಿನವರು ಮೂವರಿದ್ದರು. ಒಬ್ಬ ಕಡಬ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟವನು. ಇನ್ನೊಬ್ಬ ದಮ್ಮಾಮಿನಲ್ಲಿ ಲಾರಿ ಓಡಿಸುವವನು. ಮೂರನೆಯವನನ್ನು ಜನ ‘ಅನ್‌ಫಿಟ್ ರವೂಫ್’ ಎನ್ನುತ್ತಿದ್ದರು. ಹಂಗಿಸಬೇಕೆಂದು ಇಟ್ಟ ಹೆಸರಲ್ಲ ಅದು. ಮೂವರಲ್ಲಿ ಯಾರು ಎಂದು ಗೊತ್ತಾಗಲು ಒಂದು ಗುರುತು ಬೇಕಿತ್ತು, ಇದು ಸುಲಭವಾಗಿ ಸಿಕ್ಕಿತು, ಉಳಿಯಿತು.

ಅವನಿಗೆ ಏಳು ವರ್ಷವಿದ್ದಾಗ ಟಿ.ಬಿ. ಆಗಿತ್ತು. ತಂದೆ ಆದಂ ಕುಂಞಿ ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಮೀನು ಮಾರುತ್ತಿದ್ದವರು. ಆ ತಿರುಗಾಟದ ನಡುವೆಯೂ ಒಂದು ದಿನ ತಪ್ಪಿಸದೆ ಆಸ್ಪತ್ರೆಯಿಂದ ಮಾತ್ರೆ ತಂದು ಮಗನ ಬಾಯಿಗೆ ಹಾಕಿದರು. ಕಾಯಿಲೆ ಪೂರ್ತಿ ಗುಣವಾಯಿತು. ಎಡ ಶ್ವಾಸಕೋಶದ ಮೇಲೆ ನಾಣ್ಯದಷ್ಟು ದೊಡ್ಡ ಕಲೆಯೊಂದು ಮಾತ್ರ ಉಳಿಯಿತು. ಆ ಕಲೆ ಇರುವುದು ಹದಿನಾರು ವರ್ಷ ಯಾರಿಗೂ ಗೊತ್ತಿರಲಿಲ್ಲ. ಐ.ಟಿ.ಐ. ಮುಗಿಸಿ, ವೀಸಾ ಬಂದು, ಮಂಗಳೂರಿನಲ್ಲಿ ಗಲ್ಫಿನ ಮೆಡಿಕಲ್‌ಗೆ ನಿಂತ ದಿನ ಎಕ್ಸ್‌ರೇ ಅದನ್ನು ತೋರಿಸಿತು. ಕಾಗದದ ಮೇಲೆ ‘ಅನ್‌ಫಿಟ್’ ಎಂದು ಮೊಹರು ಬಿತ್ತು. ಇದು ಹಳೆಯ ಗಾಯ, ಈಗ ಏನೂ ಇಲ್ಲ ಎಂದು ಪುತ್ತೂರಿನ ಡಾಕ್ಟರರು ಬರೆದುಕೊಟ್ಟ ಚೀಟಿಯನ್ನು ಹಿಡಿದುಕೊಂಡು ಇನ್ನೂ ಎರಡು ಸಲ ಹೋದ. ಎರಡು ಸಲವೂ ಅದೇ ಮೊಹರು.

ಅವನ ವಯಸ್ಸಿನವರೆಲ್ಲ ಒಬ್ಬೊಬ್ಬರಾಗಿ ಜಿದ್ದಾ, ದೋಹಾ ಎಂದು ಹೋದರು. ರವೂಫ್ ಕಡಬದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಾಲ್ಕು ವರ್ಷ ಕೂತ. ಆಮೇಲೆ ಆ ಅಂಗಡಿಯೂ ಮುಚ್ಚಿತು. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಅವನು ಬೆಳಿಗ್ಗೆ ಎದ್ದು, ಹಲ್ಲುಜ್ಜಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಲ್ಲಿಗೂ ಹೋಗದೆ ಜಗಲಿಯಲ್ಲಿ ಕೂರುತ್ತಿದ್ದ. ತಾಯಿ ಪಾತುವಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

“ಮೋನೆ, ಅಂಗಿ ಯಾಕೆ ಹಾಕ್ತಿ, ಮನೆಯಲ್ಲೇ ಇರುದಾದ್ರೆ?” ಎಂದು ಒಮ್ಮೆ ಕೇಳಿಯೂ ಬಿಟ್ಟಳು.

“ಯಾರಾದ್ರೂ ಕರೆದ್ರೆ ಕೂಡಲೇ ಹೋಗ್ಲಿಕ್ಕೆ ಆಗ್ತದಲ್ಲ ಉಮ್ಮ,” ಎಂದ.

ಕರೆದದ್ದು ತೀರ್ಥರಾಮ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ಇಬ್ಬರೂ. ತೀರ್ಥರಾಮ ಪೊಲೀಸ್ ಕೆಲಸಕ್ಕೆಂದು ಮೂರು ಸಲ ಓಡಿದ್ದ. ಓಟದಲ್ಲಿ ಮೂರು ಸಲವೂ ಮುಂದಿದ್ದು, ಬರವಣಿಗೆಯಲ್ಲಿ ಮೂರು ಸಲವೂ ಬಿದ್ದು, ಕೊನೆಗೆ ವಯಸ್ಸೇ ಮೀರಿಹೋಗಿತ್ತು. ತಂದೆಯ ಹಳೆಯ ಪಿಕಪ್ ಒಂದು ಅವನ ಕೈಯಲ್ಲಿತ್ತು. ಬಾಡಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ವೆಂಕಟ್ರಮಣ ಭಟ್ಟರ ತೋಟಕ್ಕೆ ಗೊಬ್ಬರ ಇಳಿಸಲು ಹೋಗಿದ್ದವನು ಅಲ್ಲಿಂದಲೇ ಫೋನ್ ಮಾಡಿದ.

“ಇಲ್ಲಿ ತೋಡಿನ ಬದಿಯ ಗದ್ದೆ ಬೇಸಾಯ ಇಲ್ಲದೆ ಹಡಿಲು ಬಿದ್ದು ಹನ್ನೆರಡು ವರ್ಷ ಆಯ್ತಂತೆ ಮಾರಾಯ. ಭಟ್ರು ಸುಮ್ಮನೆ ಕೊಡ್ತಾರಂತೆ. ಎಂತಾದ್ರೂ ಮಾಡಿ, ಕಾಡಾಗುದು ಬೇಡ ಹೇಳ್ತಾರೆ. ಬಾ ನೋಡುವ.”

ಎರಡು ಎಕರೆ. ಮುಳ್ಳು, ಹುಲ್ಲು, ಎದೆ ಎತ್ತರಕ್ಕೆ ಕಮ್ಯೂನಿಸ್ಟ್ ಗಿಡ. ಒಂದು ಬದಿಗೆ ಹರಿಯುವ ತೋಡು, ಆಚೆ ದಡದಲ್ಲಿ ಪೂವಕ್ಕನ ಮನೆ. ಇನ್ನೊಂದು ಬದಿಗೆ ರಬ್ಬರ್ ತೋಟ, ಅದರ ಹಿಂದಿನಿಂದಲೇ ರಕ್ಷಿತಾರಣ್ಯ. ರವೂಫ್ ಒಂದು ಹಿಡಿ ಮಣ್ಣೆತ್ತಿ ಹಿಸುಕಿದ. ಅವನಿಗೆ ಮಣ್ಣಿನ ಬಗ್ಗೆ ಏನೂ ತಿಳಿಯದು. ಮಣ್ಣು ಕೈಗೆ ತಣ್ಣಗಿತ್ತು, ಅಷ್ಟೇ.

ಬಾಳೆಯ ಯೋಚನೆ ಬಂದದ್ದು ಕುಂಬ್ರದಿಂದ. ಅವನ ತಂಗಿ ಶಹನಾಳನ್ನು ಅಲ್ಲಿಗೆ ಕೊಟ್ಟಿದ್ದರು. ಅವಳ ಗಂಡ ಸಿದ್ದೀಕ್ ಪುತ್ತೂರು ಸುಳ್ಯದ ಕಡೆಯ ಬಾಳೆಗೊನೆ ಸೇರಿಸಿ ಕೇರಳಕ್ಕೆ ಸಾಗಿಸುತ್ತಿದ್ದ. “ನೇಂದ್ರ ಹಾಕಿ. ಓಣಂಗೆ ಹದಿನೈದು ದಿವಸ ಮೊದಲು ಗೊನೆ ಕಡಿಯುವ ಹಾಗೆ ಲೆಕ್ಕ ಹಿಡಿದು ನೆಡಿ. ಎಷ್ಟಾದರೂ ನಾನು ತೆಗೊಳ್ತೇನೆ,” ಎಂದ. ಹಣ್ಣಿಗೂ ಚಿಪ್ಸಿಗೂ ಆಗುವ ಬಾಳೆ ಅದು, ಹತ್ತು ಹನ್ನೊಂದು ತಿಂಗಳ ಬೆಳೆ. ಓದಿ ಕೂತವರಿಗೆ ಹತ್ತು ತಿಂಗಳು ಕಾಯುವುದು ದೊಡ್ಡ ಸಂಗತಿಯೇ?

ಮಳೆ ನಿಂತ ಅಕ್ಟೋಬರಿನಲ್ಲಿ ಕೆಲಸ ಶುರುವಾಯಿತು. ಹುಲ್ಲು ಸವರಿ, ಕಮ್ಯೂನಿಸ್ಟ್ ಗಿಡದ ಬೇರು ಕಿತ್ತು, ಇಬ್ಬರೇ ಒಂಬೈನೂರು ಗುಂಡಿ ತೋಡಿದರು. ಮೊದಲ ವಾರ ರವೂಫನ ಅಂಗೈಯ ಚರ್ಮ ಎದ್ದುಹೋಗಿ, ರಾತ್ರಿ ಊಟಕ್ಕೆ ಚಮಚ ಬೇಕಾಯಿತು. ಬಾಳೆಯ ಕಂದು ನೆಡುವ ದಿನ ತೋಡಿನ ಆಚೆಯಿಂದ ಒಂದು ಸ್ವರ ಬಂತು.

“ಹಾಗೆ ನಟ್ರೆ ಅದು ಆಕಾಶ ನೋಡ್ತದೆ, ಗೊನೆ ಹಾಕುದಿಲ್ಲ.”

ಪೂವಕ್ಕ. ಐವತ್ತೈದರ ಹೆಂಗಸು, ಗಂಡ ತೀರಿಹೋಗಿದ್ದ. ಮಗ ಕುಸುಮಾಧರ ಸುಳ್ಯದಲ್ಲಿ ಕಾಲೇಜು ಬಸ್ಸಿನ ಡ್ರೈವರ್. ಸೊಸೆ ಸುಪ್ರಿತಾ ಮನೆಯಲ್ಲಿ. ಪೂವಕ್ಕ ಎರಡು ದನ ಸಾಕಿ ಹಾಲು ಸೊಸೈಟಿಗೆ ಹಾಕುತ್ತಿದ್ದಳು. ತೋಡಿನ ಮೇಲಿನ ಕಾಲುಸಂಕ ದಾಟಿ ಬಂದು, ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿ, ರವೂಫನ ಕೈಯಿಂದ ಕಂದು ಕಿತ್ತುಕೊಂಡು ಗುಂಡಿಗಿಳಿದಳು. ಗಡ್ಡೆಯ ಹಳೆಯ ಬೇರನ್ನು ಕತ್ತಿಯಲ್ಲಿ ಹೆರೆದು, ಬುಡಕ್ಕೆ ಸುಣ್ಣ ಹಾಕಿ, ಕಣ್ಣು ಯಾವ ಕಡೆಗಿರಬೇಕೆಂದು ತೋರಿಸಿ, ಕಾಲಿನಲ್ಲಿ ತುಳಿದು ಗಟ್ಟಿ ಮಾಡಿದಳು.

“ಗೊತ್ತಾಯ್ತಾ? ಮೊಬೈಲಲ್ಲಿ ನೋಡಿ ಮಾಡುದಲ್ಲ ಇದು.”

“ಮೊಬೈಲಲ್ಲಿ ಬೇರೆ ಹೇಳಿದ್ದಾರೆ ಪೂವಕ್ಕ,” ಎಂದ ತೀರ್ಥರಾಮ.

“ಹಾಗಾದ್ರೆ ಮೊಬೈಲೇ ಗೊಬ್ಬರವೂ ಕೊಡ್ಲಿ.”

ಗೊಬ್ಬರ ಕೊಟ್ಟದ್ದು ಅವಳೇ. ಆ ವರ್ಷ ಅವಳ ಹಟ್ಟಿಯ ಗೊಬ್ಬರವೆಲ್ಲ ಬಾಳೆಯ ಬುಡಕ್ಕೆ ಬಂತು. ಸೊಸೈಟಿಗೆ ಹೋಗುವ ಅವಳ ದಾರಿಯೂ ಇದೇ ಗದ್ದೆಯ ಬದುವಾದ ಹುಣಿಯ ಮೇಲೆ. ದಿನಾ ಬೆಳಿಗ್ಗೆ ಆರೂಕಾಲರ ಹೊತ್ತಿಗೆ ಕ್ಯಾನ್ ಹಿಡಿದು ಹೋಗುವಾಗ ಗಿಡ ನೋಡಿಕೊಂಡೇ ಹೋಗುತ್ತಿದ್ದಳು. ಬರುವಾಗ ಇವರಿಬ್ಬರು ಸಿಕ್ಕಿದರೆ ತಪ್ಪು ಹೇಳುತ್ತಿದ್ದಳು. ಯಾವ ಸಾಲಿಗೆ ನೀರು ಹೆಚ್ಚಾಗಿದೆ, ಯಾವ ಎಲೆಯಲ್ಲಿ ಹುಳು ಕಾಣುತ್ತದೆ, ಯಾವ ಕಂದು ಕಡಿಯಬೇಕು. ರವೂಫನಿಗೆ ಅವಳ ಬೈಗುಳ ಕೇಳದಿದ್ದರೆ ದಿನ ಶುರುವಾದಂತೆಯೇ ಆಗುತ್ತಿರಲಿಲ್ಲ.

ಬೇಸಗೆಯಲ್ಲಿ ಗಿಡ ಆಳೆತ್ತರ ಬೆಳೆಯಿತು. ಮೇ ತಿಂಗಳ ಗಾಳಿಗೆ ಎಪ್ಪತ್ತು ಮುರಿದವು. ಉಳಿದವಕ್ಕೆ ಹಗ್ಗ ಕಟ್ಟಿ, ಅಡಕೆ ಮರದ ಸಲಾಕೆಯ ಊರುಗೋಲು ಕೊಟ್ಟು ನಿಲ್ಲಿಸಿದರು. ಮಳೆ ಹಿಡಿಯುವಾಗ ಪೂಂಬೆ ಹೊರಟಿತು. ನೇರಳೆ ಬಣ್ಣದ ಆ ಮೊಗ್ಗು ದಿನಕ್ಕೊಂದು ಎಸಳು ಬಿಚ್ಚುತ್ತ, ಒಳಗಿನಿಂದ ಬೆರಳಷ್ಟು ಕಾಯಿಗಳ ಚಿಪ್ಪು ಹೊರಬರುವುದನ್ನು ನೋಡಲು ಆದಂ ಕುಂಞಿ ಸಹ ನೋವಿನ ಮೊಣಕಾಲು ಎಳೆದುಕೊಂಡು ಬಂದರು. ಹುಣಿಯ ಮೇಲೆ ನಿಂತು ಸುಮಾರು ಹೊತ್ತು ನೋಡಿದರು.

“ಇದಕ್ಕೆ ಎಕ್ಸ್‌ರೇ ಬೇಡ ಅಲ್ವಾ?” ಎಂದರು. ಮೊಹರು ಬಿದ್ದ ಮೇಲೆ ಅಪ್ಪ ಮಗ ಆ ವಿಷಯಕ್ಕೆ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಜುಲೈ ಮೊದಲ ವಾರ ಆನೆ ಬಂತು.

ಪಾಲೆಮಜಲಿನ ಹಿರಿಯರ ನೆನಪಿನಲ್ಲಿ ಆ ಊರಿಗೆ ಆನೆ ಬಂದದ್ದಿಲ್ಲ. ಕಾಡಿನ ಒಳಗಿನ ಊರುಗಳಲ್ಲಿ ಎರಡು ಮೂರು ವರ್ಷದಿಂದ ಸುದ್ದಿಯಿತ್ತು. ಇಲ್ಲಿಯವರಿಗೆ ಅದು ಪತ್ರಿಕೆಯಲ್ಲಿ ಓದುವ ವಿಷಯ. ಬೆಳಿಗ್ಗೆ ರವೂಫ್ ಹೋಗಿ ನೋಡುವಾಗ ರಬ್ಬರ್ ತೋಟದ ಬದಿಯ ಎರಡು ಸಾಲು ಮಲಗಿತ್ತು. ಗಾಳಿಗೆ ಬಿದ್ದ ಹಾಗಲ್ಲ. ಬಾಳೆಯನ್ನು ಉದ್ದಕ್ಕೆ ಸೀಳಿ, ಹೊರಗಿನ ಸಿಪ್ಪೆ ಎಸೆದು, ಒಳಗಿನ ಬಿಳಿ ದಿಂಡು ಮಾತ್ರ ತಿಂದಿತ್ತು. ಕಾಯಿ ಅರ್ಧ ತುಂಬಿದ ಗೊನೆಗಳು ಕೆಸರಿನಲ್ಲಿ ತುಳಿತಕ್ಕೆ ಸಿಕ್ಕಿದ್ದವು. ಹೆಜ್ಜೆಯ ಗುಂಡಿಗಳಲ್ಲಿ ಮಳೆನೀರು ನಿಂತಿತ್ತು.

ಅರಣ್ಯ ಇಲಾಖೆಯವರು ಬಂದರು. ಒಂಟಿ ಸಲಗ ಎಂದರು. ಪರಿಹಾರದ ಅರ್ಜಿಯ ಫಾರಂ ಕೊಟ್ಟು, ಮುರಿದ ಒಂದೊಂದು ಗಿಡದ್ದೂ ಫೋಟೋ ಬೇಕು, ಮೊಬೈಲಿನಲ್ಲಿ ತೆಗೆದರೆ ಸಾಕು, ಗಂಟೆ ತಾರೀಕು ಕಾಣಬೇಕು ಎಂದರು. ಹೊರಡುವ ಮೊದಲು ಅವರಲ್ಲಿ ವಯಸ್ಸಾದ ಗಾರ್ಡ್ ಒಬ್ಬ ರವೂಫನನ್ನು ಬದಿಗೆ ಕರೆದ.

“ಅದಕ್ಕೆ ರುಚಿ ಹತ್ತಿದೆ. ಇನ್ನು ಬಿಡುದಿಲ್ಲ. ಮನಸ್ಸು ಗಟ್ಟಿ ಮಾಡಿ ಉಳಿದದ್ದನ್ನು ಕಡಿದು ಸಾಗಿಸಿ. ಇಲ್ಲಿ ಮನೆಗಳು ಉಂಟು, ಮಕ್ಕಳು ಶಾಲೆಗೆ ಹೋಗ್ತಾರೆ.”

ಆ ಸಂಜೆ ಗೆಳೆಯರಿಬ್ಬರು ಗದ್ದೆಯ ಕಟ್ಟೆಯ ಮೇಲೆ ಕೂತರು.

“ಕಡಿಯುವ ಮಾರಾಯ,” ಎಂದ ತೀರ್ಥರಾಮ. “ನನಗೆ ಯಾಕೋ ಸರಿ ಕಾಣುದಿಲ್ಲ.”

“ಎಂಟುನೂರರ ಹತ್ತಿರ ಉಂಟು ಇನ್ನೂ. ಇನ್ನು ನಲ್ವತ್ತು ದಿವಸ.”

“ಅದು ಆನೆ. ನಲ್ವತ್ತು ದಿವಸ ಕಾಯ್ತದಾ?”

“ಬೆಂಕಿ ಹಾಕುವ. ಗರ್ನಾಲು ಪಟಾಕಿ ಹೊಡೆಯುವ. ನೀನು ಹೆದರುದಾದ್ರೆ ನಾನೊಬ್ಬನೇ ಮಾಡ್ತೇನೆ.”

ತೀರ್ಥರಾಮ ಅವನ ಮುಖ ನೋಡಿದ. ಆಮೇಲೆ, “ನೀನೊಬ್ಬನೇ ಎಂತ ಮಾಡುದು,” ಎಂದಷ್ಟೇ ಹೇಳಿ ಎದ್ದ.

ರವೂಫ್ ತೋಡು ದಾಟಿ ಪೂವಕ್ಕನಲ್ಲಿಗೂ ಹೋದ. ಕೆಲವು ದಿವಸ ಹುಣಿಯ ಮೇಲೆ ಹೋಗುವುದು ಬೇಡ, ಡಾಮರು ರಸ್ತೆಯಲ್ಲಿ ಸುತ್ತಿ ಹೋಗಿ ಎಂದ. ಅವಳು ದನಕ್ಕೆ ಹಿಂಡಿ ಕಲಸುತ್ತಿದ್ದಳು.

“ಸುತ್ತಿ ಹೋದ್ರೆ ಮುಕ್ಕಾಲು ಗಂಟೆ. ಸೊಸೈಟಿ ಬಾಗಿಲು ಹಾಕ್ತಾರೆ. ಆನೆ ಬಂದ್ರೆ ನೀವು ಹೇಳ್ತೀರಲ್ಲ? ಬೆಳಿಗ್ಗೆ ನೀವು ಅಲ್ಲೇ ಇರುದಲ್ವಾ?”

“ಇರ್ತೇವೆ ಪೂವಕ್ಕ.”

“ಮತ್ತೆಂತ. ಒಂದು ಫೋನ್ ಮಾಡು, ನಾನು ಹೊರಡುದಿಲ್ಲ.”

ಒಂಬತ್ತು ದಿನ ಆನೆ ಬರಲಿಲ್ಲ. ಕತ್ತಲಾಗುವಾಗ ನಾಲ್ಕು ಮೂಲೆಗೆ ಬೆಂಕಿ ಹಾಕಿ, ಗರ್ನಾಲು ಸಿಡಿಸಿ ಮನೆಗೆ ಹೋಗುತ್ತಿದ್ದರು. ಬೆಳಕು ಹರಿಯುವಾಗ ರವೂಫ್ ಒಬ್ಬನೇ ಬಂದು ಒಂದು ಸುತ್ತು ನೋಡಿ, ಏನೂ ಇಲ್ಲವೆಂದರೆ ಆಚೆ ದಡಕ್ಕೆ ಕೇಳುವಂತೆ ಕೂಗುತ್ತಿದ್ದ. ಒಂಬತ್ತು ದಿನವೂ ಕೂಗಿದ.

ಹತ್ತನೆಯ ಬೆಳಿಗ್ಗೆ ಜೋರು ಮಳೆ ಬಂದು ನಿಂತಿತ್ತು. ಬೆಂಕಿಯೆಲ್ಲ ಆರಿತ್ತು. ಗದ್ದೆಯ ಮೇಲ್ಬದಿಯಿಂದ ಇಳಿದ ರವೂಫನಿಗೆ ಮೊದಲು ಕಂಡದ್ದು ಆಕಾಶ. ಎಲೆಗಳು ಇರಬೇಕಾದ ಜಾಗದಲ್ಲಿ ಆಕಾಶ ಕಾಣುತ್ತಿತ್ತು. ನಡುವಿನ ಸಾಲುಗಳು ಇರಲಿಲ್ಲ. ಎಲ್ಲಕ್ಕಿಂತ ಒಳ್ಳೆಯ ಗೊನೆ ಹಿಡಿದ ಸಾಲುಗಳು ಅವು. ಜೇಬಿನಿಂದ ಮೊಬೈಲ್ ತೆಗೆದ. ಫೋಟೋ ತೆಗೆಯತೊಡಗಿದ. ಒಂದು, ಎರಡು, ಮೂರು. ಸೀಳಿದ ಬಾಳೆ, ತುಳಿದ ಗೊನೆ, ಮತ್ತೊಂದು ಬಾಳೆ. ಚಿತ್ರ ಮಸುಕಾದರೆ ಅದೇ ಗಿಡವನ್ನು ಇನ್ನೊಮ್ಮೆ ತೆಗೆದ. ಅರ್ಜಿಗೆ ಒಂದೊಂದು ಗಿಡದ್ದೂ ಬೇಕು ಎಂದಿದ್ದರಲ್ಲ, ಒಂದೂ ಬಿಟ್ಟುಹೋಗಬಾರದು ಎಂಬುದೊಂದೇ ಆಗ ಅವನ ತಲೆಯಲ್ಲಿ ಇದ್ದದ್ದು. ಅರುವತ್ತನ್ನು ದಾಟಿದ ಮೇಲೆ ಕಾಲ ಬುಡದಲ್ಲಿ ಆನೆಯ ಲದ್ದಿ ಕಂಡಿತು. ಅದರಿಂದ ಹಬೆ ಏಳುತ್ತಿತ್ತು.

ಆಗ ಅವನಿಗೆ ಎಚ್ಚರವಾಯಿತು. ಪೂವಕ್ಕನ ನಂಬರಿಗೆ ಕರೆ ಮಾಡಿದ. ಎತ್ತಿದ್ದು ಸುಪ್ರಿತಾ.

“ಫೋನ್ ಬರ್ಲಿಲ್ಲ ಅಂತ ಅತ್ತೆ ಹೊರಟಾಯ್ತು. ಐದು ನಿಮಿಷ ಆಯ್ತು. ಫೋನ್ ಇಲ್ಲೇ ಬಿಟ್ಟು ಹೋಗಿದ್ದಾರೆ. ಎಂತ ರವೂಫಣ್ಣ?”

ಅವನು ಫೋನ್ ಹಿಡಿದುಕೊಂಡೇ ಹುಣಿಯ ಕಡೆಗೆ ಓಡಿದ. “ಪೂವಕ್ಕ! ಬರ್ಬೇಡಿ! ಪೂವಕ್ಕ!” ಎಂದು ಕೂಗುತ್ತಲೇ ಓಡಿದ. ಎದುರಿನಿಂದ ಒಮ್ಮೆ ಪಾತ್ರೆ ಕಲ್ಲಿಗೆ ಬಡಿದ ಸದ್ದು ಬಂತು. ಮನುಷ್ಯರ ಕೂಗು ಬರಲಿಲ್ಲ. ರಬ್ಬರ್ ತೋಟದ ಒಳಗೆ ಕಡ್ಡಿಗಳು ಮುರಿಯುತ್ತ ದೂರ ಹೋಗುವುದು ಕೇಳಿಸಿತು.

ಪೂವಕ್ಕ ಹುಣಿಯ ಕೆಳಗೆ, ಬಾಳೆಯ ಎರಡು ಸಾಲುಗಳ ನಡುವೆ ಮಗ್ಗುಲಾಗಿ ಬಿದ್ದಿದ್ದಳು. ಮುಖಕ್ಕೆ ಏನೂ ಆಗಿರಲಿಲ್ಲ. ಸೊಂಟದಿಂದ ಕೆಳಗೆ ನೋಡುವಂತಿರಲಿಲ್ಲ. ಕ್ಯಾನ್ ದೂರ ಬಿದ್ದು, ಹಾಲು ಕೆಸರುನೀರಿನ ಮೇಲೆ ತೇಲುತ್ತ ತೋಡಿನ ಕಡೆಗೆ ಹೋಗುತ್ತಿತ್ತು.

ತೀರ್ಥರಾಮ ಪಿಕಪ್ ತಂದ. ಹಿಂದಿನ ಜಾಗದಲ್ಲಿ ಬಾಳೆಎಲೆ ಹಾಸಿ, ಅದರ ಮೇಲೆ ಕಂಬಳಿ ಹಾಸಿ ಮಲಗಿಸಿದರು. ಸುಪ್ರಿತಾ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ರವೂಫ್ ಕಾಲ ಬಳಿ ಕೂತು ಟಾರ್ಪಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ, ಮಳೆ ಮತ್ತೆ ಶುರುವಾಗಿತ್ತು. ಆಲಂಕಾರು ದಾಟುವಾಗ ಪೂವಕ್ಕ ಕಣ್ಣು ಬಿಟ್ಟಳು.

“ಸೊಸೈಟಿ,” ಎಂದಳು.

“ಹಾಲು ಮುಟ್ಟಿದೆ ಅತ್ತೆ,” ಎಂದಳು ಸುಪ್ರಿತಾ.

ಪೂವಕ್ಕ ಕಾಲ ಕಡೆಗೆ ನೋಡಿದಳು. ರವೂಫನನ್ನು ನೋಡಿದಳೋ, ಅವನ ಹಿಂದಿನ ರಸ್ತೆಯನ್ನು ನೋಡಿದಳೋ, ಅವನಿಗೆ ಇಂದಿಗೂ ತಿಳಿಯದು. ಏನೋ ಹೇಳಲು ತುಟಿ ಅಲ್ಲಾಡಿತು. ಸವಣೂರು ಮುಟ್ಟುವ ಮೊದಲೇ ಉಸಿರು ನಿಂತಿತ್ತು. ತೀರ್ಥರಾಮನಿಗೆ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಅವನು ಹಾರ್ನ್ ಹೊಡೆಯುತ್ತ ಪುತ್ತೂರಿನ ಆಸ್ಪತ್ರೆಯ ಬಾಗಿಲಿನವರೆಗೂ ಅದೇ ವೇಗದಲ್ಲಿ ಓಡಿಸಿದ.

ಹೆಣ ಊರಿಗೆ ಬಂದ ಮಧ್ಯಾಹ್ನ ಜನ ರಸ್ತೆಗೆ ಅಡ್ಡ ಕೂತರು. ಅಧಿಕಾರಿಗಳು ಬಂದರು, ಜೀಪುಗಳು ಬಂದವು. ಆನೆಯನ್ನು ಹಿಡಿದು ಸಾಗಿಸಬೇಕು, ಕಾಡಿನ ಅಂಚಿಗೆ ಕಂದಕ ಬೇಕು ಎಂದು ಕೂಗಿದರು. ಎಲ್ಲವೂ ನ್ಯಾಯದ ಮಾತೇ. ಆಮೇಲೆ ಹಿಂದಿನಿಂದ ಒಂದು ಸ್ವರ ಎದ್ದಿತು.

“ಆನೆ ಸುಮ್ಮನೆ ಬಂತಾ? ಕರೆದು ಊಟ ಹಾಕಿದ್ದು ಯಾರು? ಆ ರವೂಫನಲ್ವಾ?”

ಗದ್ದೆ ಇಬ್ಬರದ್ದು. ಹೆಸರು ಬಂದದ್ದು ಒಬ್ಬನದ್ದೇ. ರವೂಫನ ಪಕ್ಕದಲ್ಲಿ ನಿಂತಿದ್ದ ತೀರ್ಥರಾಮ, “ಗದ್ದೆ ನಂದೂ ಹೌದು! ನನ್ನ ಹೆಸರೂ ಹೇಳಿ!” ಎಂದು ಗಂಟಲು ಹರಿಯುವಂತೆ ಕೂಗಿದ. ಯಾರೂ ಅತ್ತ ತಿರುಗಲಿಲ್ಲ. ಇನ್ನೊಬ್ಬರು ಇನ್ನೇನೋ ಹೇಳಿದರು, ಅದಕ್ಕೆ ಬಾಳೆಯ ಸಂಬಂಧವೂ ಇರಲಿಲ್ಲ, ಆನೆಯ ಸಂಬಂಧವೂ ಇರಲಿಲ್ಲ. ಆಗ ವೆಂಕಟ್ರಮಣ ಭಟ್ಟರು ಮುಂದೆ ಬಂದು ರವೂಫನ ತೋಳು ಹಿಡಿದು, “ನೀನು ಈಗ ಮನೆಗೆ ಹೋಗು. ನನ್ನ ಮಾತು ಕೇಳು,” ಎಂದರು. ಆದಂ ಕುಂಞಿಯ ಹಳೆಯ ಬೈಕಿನಲ್ಲಿ ಅವನನ್ನು ಕೂರಿಸಿ ಕಳಿಸಿದರು. ಪೂವಕ್ಕನ ಚಿತೆಗೆ ಒಂದು ಕಟ್ಟಿಗೆ ಇಡಲೂ ಅವನಿಗೆ ಆಗಲಿಲ್ಲ.

ಮರುದಿನ ಬೆಳಿಗ್ಗೆ ರವೂಫ್ ಕತ್ತಿ ಹಿಡಿದು ಗದ್ದೆಗಿಳಿದ. ನಾಲ್ಕು ದಿನ ಕಡಿದ. ತೀರ್ಥರಾಮ ಬಂದ, ಪಾತು ಬಂದಳು, ಮೊಣಕಾಲು ಬಗ್ಗದ ಆದಂ ಕುಂಞಿ ಹುಣಿಯ ಮೇಲೆ ಕೂತು ಗೊನೆಗಳಿಗೆ ಹಗ್ಗ ಕಟ್ಟಿಕೊಟ್ಟರು. ಬಾಳೆ ಕಡಿಯುವುದು ಸುಲಭ, ಒಂದೇ ಏಟಿಗೆ ಕತ್ತಿ ಆಚೆ ಹೋಗುತ್ತದೆ. ಅಷ್ಟು ಸುಲಭವಾಗಿರದಿದ್ದರೆ ಚೆನ್ನಾಗಿತ್ತು ಎಂದು ರವೂಫನಿಗೆ ಅನ್ನಿಸುತ್ತಿತ್ತು. ಕುಂಬ್ರದಿಂದ ಸಿದ್ದೀಕ್ ಬಂದು ಗೊನೆಗಳನ್ನು ಒಂದೊಂದಾಗಿ ಒತ್ತಿ ನೋಡಿದ. “ಎಳತು. ಚಿಪ್ಸಿಗೂ ಆಗುದಿಲ್ಲ ಭಾವ,” ಎಂದು ತಲೆ ತಗ್ಗಿಸಿದ. ಆದರೂ ಮೂವತ್ತು ಗೊನೆ ತನ್ನ ಪಿಕಪ್ಪಿಗೆ ಹಾಕಿಕೊಂಡು ಹೋದ. ಅವನ್ನು ಅವನು ಮಾರಲಿಲ್ಲ ಎಂದು ಆಮೇಲೆ ಶಹನಾ ಹೇಳಿದಳು. ದಿಂಡುಗಳನ್ನು ಪುತ್ತೂರಿನ ಹತ್ತಿರ ದನ ಸಾಕುವವರೊಬ್ಬರು ಲಾರಿಯಲ್ಲಿ ಒಯ್ದರು. ಹನ್ನೊಂದನೆಯ ದಿನ ಪೂವಕ್ಕನ ಉತ್ತರಕ್ರಿಯೆಯ ಊಟಕ್ಕೆ ಎಲೆ ಬೇಕಾದಾಗ ತೋಡಿನ ಈಚೆಯ ಗದ್ದೆಯಲ್ಲಿ ಒಂದು ಬಾಳೆಯೂ ನಿಂತಿರಲಿಲ್ಲ. ಇದ್ದರೂ ಯಾರೂ ಕೇಳುತ್ತಿರಲಿಲ್ಲ. ಎಲೆ ಪುತ್ತೂರು ಮಾರ್ಕೆಟ್ಟಿನಿಂದ ಬಂತು.

ಬಾಳೆ ಕಡಿದು ಮುಗಿದರೂ ರವೂಫನ ಎದೆಯಲ್ಲಿದ್ದದ್ದು ಮುಗಿಯಲಿಲ್ಲ. ಊರಿನವರು ಹೇಳಿದ್ದು ಅವನಿಗೆ ಅಷ್ಟು ತಾಗಿರಲಿಲ್ಲ. ಬಾಳೆಯಿಂದಲೇ ಆನೆ ಬಂತು ಎಂಬುದನ್ನು ಅವನೇ ಒಪ್ಪಿದ್ದ. ಯಾರಿಗೂ ಗೊತ್ತಿಲ್ಲದ ಇನ್ನೊಂದು ವಿಷಯ ಇತ್ತು. ಅದು ಅವನ ಮೊಬೈಲಿನಲ್ಲಿತ್ತು. ಮೊದಲ ಫೋಟೋದ ಗಂಟೆ ಆರು ಹನ್ನೆರಡು. ಕೊನೆಯದ್ದು ಆರು ಇಪ್ಪತ್ತೆರಡು. ಪೂವಕ್ಕನ ನಂಬರಿಗೆ ಕರೆ ಹೋದದ್ದು ಆರು ಇಪ್ಪತ್ತಮೂರಕ್ಕೆ. ಅವಳು ಮನೆ ಬಿಟ್ಟದ್ದು ಆರು ಹದಿನೆಂಟಕ್ಕೆ ಎಂದು ಸುಪ್ರಿತಾ ಪೊಲೀಸರಿಗೆ ಬರೆಸಿದ್ದಳು. ಬಂದ ಕೂಡಲೇ ಒಂದು ಫೋನ್ ಮಾಡಿದ್ದರೆ ಪೂವಕ್ಕ ಆ ಹೊತ್ತಿಗೆ ಹಟ್ಟಿಯಲ್ಲೇ ಇರುತ್ತಿದ್ದಳು.

ಉತ್ತರಕ್ರಿಯೆ ಮುಗಿದ ಒಂದು ವಾರಕ್ಕೆ ರವೂಫ್ ತೋಡು ದಾಟಿದ. ತೀರ್ಥರಾಮ ಬೇಡವೆಂದಿದ್ದ. ಕುಸುಮಾಧರ ಜಗಲಿಯಲ್ಲಿ ಕೂತಿದ್ದ. ರವೂಫ್ ಅಂಗಳದಲ್ಲೇ ನಿಂತು ಎಲ್ಲವನ್ನೂ ಹೇಳಿದ. ಒಂದೂ ಬಿಡಲಿಲ್ಲ. ಆಮೇಲೆ ಮೊಬೈಲ್ ಅವನ ಕೈಗೆ ಕೊಟ್ಟ.

ಕುಸುಮಾಧರ ಒಂದೊಂದೇ ಫೋಟೋ ಸರಿಸುತ್ತ ನೋಡಿದ. ಮೊದಲಿನಿಂದ ಕೊನೆಯವರೆಗೆ, ಅವಸರವಿಲ್ಲದೆ. ಮುಗಿದ ಮೇಲೆ ಮೊಬೈಲನ್ನು ಜಗಲಿಯ ಅಂಚಿನಲ್ಲಿಟ್ಟ.

“ಇದನ್ನು ನನಗೆ ಯಾಕೆ ಹೇಳಿದಿ?”

“ನಿಮಗೆ ಗೊತ್ತಿರ್ಬೇಕು ಅಂತ ಕುಸುಮಣ್ಣ.”

“ಗೊತ್ತಿದ್ದು ನಾನು ಎಂತ ಮಾಡ್ಬೇಕು? ಇಷ್ಟು ದಿವಸ ಆನೆ ಕೊಂದದ್ದು ಅಂತ ಇತ್ತು. ಆನೆಯ ಮೇಲೆ ಎಷ್ಟು ದಿವಸ ಕೋಪ ಮಾಡ್ಲಿಕ್ಕೆ ಆಗ್ತದೆ, ಹೇಗಾದ್ರೂ ಕಳೀತಿತ್ತು. ಈಗ ಬೆಳಿಗ್ಗೆ ಎದ್ದು ಆಚೆ ನೋಡಿದ್ರೆ ನೀನು ಇರ್ತಿ.” ಅವನ ಸ್ವರ ಏರಲಿಲ್ಲ. “ನಿನಗೆ ಭಾರ ಆಯ್ತು, ತಂದು ಇಲ್ಲಿ ಇಳಿಸಿದಿ. ನಾನು ಎಲ್ಲಿ ಇಳಿಸುದು?”

ಬಾಗಿಲಿನಲ್ಲಿ ಸುಪ್ರಿತಾ ನಿಂತಿದ್ದಳು. ಅವಳು ಮುಖ ತಿರುಗಿಸಿ ಒಳಗೆ ಹೋದಳು. ರವೂಫ್ ಮೊಬೈಲ್ ಎತ್ತಿಕೊಂಡು ಬಂದ ದಾರಿಯಲ್ಲೇ ಹಿಂದೆ ಹೋದ. ಹೇಳಿದ್ದು ಸರಿಯೋ ತಪ್ಪೋ ಎಂದು ಅವನಿಗೆ ಆಗಲೂ ಗೊತ್ತಾಗಲಿಲ್ಲ, ಆಮೇಲೂ ಗೊತ್ತಾಗಲಿಲ್ಲ. ಪರಿಹಾರದ ಅರ್ಜಿಯನ್ನು ಅವನು ಕೊಡಲಿಲ್ಲ. ಫೋಟೋಗಳನ್ನು ಅಳಿಸಲೂ ಇಲ್ಲ.

ತೀರ್ಥರಾಮ ಪಿಕಪ್ ಮಾರಿ ಮಂಗಳೂರಿನ ಬಂದರಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದ. ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಇಬ್ಬರೂ ಮಳೆ, ಊಟ, ಆದಂ ಕುಂಞಿಯ ಮೊಣಕಾಲು ಎಂದು ಮಾತಾಡಿ ಮುಗಿಸುತ್ತಾರೆ. ರವೂಫ್ ಪುತ್ತೂರಿನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯೊಂದಕ್ಕೆ ಸೇರಿದ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಪೂವಕ್ಕನ ದನಗಳನ್ನು ಮಾರಿದರು ಎಂದು ಬಸ್ಸಿನಲ್ಲಿ ಯಾರೋ ಹೇಳಿದರು. ಆನೆಯನ್ನು ಹಿಡಿಯಲಿಲ್ಲ, ಓಡಿಸುವ ತಂಡ ಬಂದು ಹೊಳೆಯ ಆಚೆಗೆ ಅಟ್ಟಿತು. ಕಂದಕದ ಕೆಲಸ ಅರ್ಧ ಫರ್ಲಾಂಗು ಆಗಿ ನಿಂತಿತು.

ಬಾಳೆಯನ್ನು ಕಡಿದರೆ ಸಾಯುವುದಿಲ್ಲ. ಗಡ್ಡೆ ಮಣ್ಣಿನೊಳಗೆ ಇದ್ದೇ ಇರುತ್ತದೆ, ತಿಂಗಳಾಗುವಷ್ಟರಲ್ಲಿ ಬದಿಯಿಂದ ಕಂದು ಏಳುತ್ತದೆ. ಸೆಪ್ಟೆಂಬರಿನಲ್ಲಿ ಗದ್ದೆ ತುಂಬ ಹಸಿರು ಕುಡಿಗಳು ನಿಂತಿದ್ದವು. ಬೆಳೆಯಲು ಬಿಟ್ಟರೆ ಮತ್ತೆ ಆನೆಗೆ ದಾರಿ. ಅಂಗಡಿಗೆ ರಜೆಯಿರುವ ಆದಿತ್ಯವಾರಗಳಲ್ಲಿ ರವೂಫ್ ಪಿಕಾಸಿ ಹಿಡಿದು ಬಂದು ಗಡ್ಡೆ ಅಗೆದು ತೆಗೆಯತೊಡಗಿದ. ಕಂದು ಮುರಿದರೆ ಸಾಲದು, ಗಡ್ಡೆಯೇ ಬರಬೇಕು. ಒಂದು ದಿನಕ್ಕೆ ಐವತ್ತು, ಅರುವತ್ತು. ಅಗೆದದ್ದನ್ನು ಬಿಸಿಲಿಗೆ ಹರಡಿ, ಒಣಗಿದ ಮೇಲೆ ಸುಡುತ್ತಿದ್ದ. ಯಾರೂ ಮಾಡೆಂದು ಹೇಳಿರಲಿಲ್ಲ. ಆಚೆ ದಡದಲ್ಲಿ ಕುಸುಮಾಧರ ಕೆಲವೊಮ್ಮೆ ಅಂಗಳಕ್ಕೆ ಬಂದು ನಿಲ್ಲುವುದು ಕಾಣುತ್ತಿತ್ತು. ಸ್ವಲ್ಪ ಹೊತ್ತು ನಿಂತು ಒಳಗೆ ಹೋಗುತ್ತಿದ್ದ. ರವೂಫ್ ತಲೆ ಎತ್ತುತ್ತಿರಲಿಲ್ಲ.

ಡಿಸೆಂಬರಿನ ಒಂದು ಆದಿತ್ಯವಾರ ಮಧ್ಯಾಹ್ನ ಅವನು ಕೊನೆಯ ಸಾಲಿನ ಹತ್ತಿರ ಇದ್ದ. ಕಾಲುಸಂಕದ ಮೇಲೆ ಹೆಜ್ಜೆ ಕೇಳಿಸಿತು. ಕುಸುಮಾಧರ ದಾಟಿ ಈಚೆ ಬಂದು ಹುಣಿಯ ಮೇಲೆ ನಿಂತ. ನಾಲ್ಕು ತಿಂಗಳಿನಿಂದ ಅವರ ನಡುವೆ ಮಾತಿರಲಿಲ್ಲ. ರವೂಫ್ ಪಿಕಾಸಿ ಕೆಳಗಿಟ್ಟು ನೆಟ್ಟಗಾದ. ಏನು ಬಂದರೂ ನಿಂತು ಕೇಳಬೇಕೆಂದು ಮನಸ್ಸಿನಲ್ಲೇ ಅಂದುಕೊಂಡ.

ಕುಸುಮಾಧರ ಅವನನ್ನು ನೋಡಲಿಲ್ಲ. ಅಗೆದು ಮುಗಿದ ಗದ್ದೆಯ ಉದ್ದಕ್ಕೂ ಕಣ್ಣು ಹಾಯಿಸಿದ. ಆಮೇಲೆ ರಬ್ಬರ್ ತೋಟದ ಬದಿಯ ಮೂಲೆಗೆ ಗಲ್ಲ ಎತ್ತಿ ತೋರಿಸಿದ.

“ಆ ಮುಳ್ಳಿನ ಅಡಿಯಲ್ಲಿ ಎರಡು ಉಂಟು,” ಎಂದ. “ನೀನು ನೋಡ್ಲಿಲ್ಲ.”

ಹೇಳಿ ತಿರುಗಿ ಹೋದ. ಅವನು ಅಂಗಳ ಹತ್ತಿ ಮರೆಯಾಗುವವರೆಗೂ ರವೂಫ್ ನಿಂತಲ್ಲೇ ಇದ್ದ. ಆಮೇಲೆ ಪಿಕಾಸಿ ಎತ್ತಿಕೊಂಡು ಮೂಲೆಗೆ ಹೋದ, ಕತ್ತಿಯಿಂದ ಮುಳ್ಳು ಸರಿಸಿದ, ಮೊದಲ ಗಡ್ಡೆಯ ಸುತ್ತ ಮಣ್ಣು ಬಿಡಿಸತೊಡಗಿದ.